ಸೇವ್ ಮಾಡಿದ ಪಾಸ್‌ವರ್ಡ್ ಇದ್ದರೂ ರಿಮೋಟ್ ಡೆಸ್ಕ್‌ಟಾಪ್ ಮತ್ತೆ ಮತ್ತೆ ಕೇಳುತ್ತಿದೆಯಾ?

ಡಬಲ್ ಕ್ಲಿಕ್ ಮಾಡಿದರೆ ಸೀದಾ ಸರ್ವರ್ ಒಳಗೆ ಹೋಗುತ್ತಿದ್ದ ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ (ದೂರದ ಕಂಪ್ಯೂಟರನ್ನು ನಿಮ್ಮ ಸ್ಕ್ರೀನಿನಿಂದಲೇ ಬಳಸುವ ಪ್ರೋಗ್ರಾಮ್) ಒಂದು ದಿನ ಇದ್ದಕ್ಕಿದ್ದಂತೆ ಪಾಸ್‌ವರ್ಡ್ ಕೇಳಲು ಶುರು ಮಾಡುತ್ತದೆ. ಅದೇ ಪಾಸ್‌ವರ್ಡನ್ನು ಕೈಯಲ್ಲಿ ಟೈಪ್ ಮಾಡಿದರೆ ಒಳಗೆ ಬಿಡುತ್ತದೆ. 'ರಿಮೆಂಬರ್ ಮಿ' ಟಿಕ್ ಮಾಡಿ ಓಕೆ ಒತ್ತುತ್ತೀರಿ. ಮರುದಿನ ಮತ್ತೆ ಅದೇ ಕಥೆ.

ಇದು ಸಣ್ಣ ತೊಂದರೆ ಅಂತ ಬಿಡುವ ಹಾಗಿಲ್ಲ. ನಮ್ಮ ಎಷ್ಟೋ ಆಡಿಟರ್ ಆಫೀಸುಗಳಲ್ಲಿ ಟ್ಯಾಲಿ ಒಂದೇ ಸರ್ವರ್‌ನಲ್ಲಿ ಇರುತ್ತದೆ. ಎಲ್ಲರೂ ತಮ್ಮ ಸೀಟಿನಿಂದ ರಿಮೋಟ್‌ನಲ್ಲಿ ಅದರೊಳಗೆ ಹೋಗಿ ಕೆಲಸ ಮಾಡುತ್ತಾರೆ. ತಿಂಗಳ 20ನೇ ತಾರೀಖು ಹತ್ತಿರ ಬಂದು ಜಿಎಸ್‌ಟಿಯ 3ಬಿ ರಿಟರ್ನ್ ಒತ್ತಡ ಇರುವಾಗ ಪಾಸ್‌ವರ್ಡ್ ಪದೇ ಪದೇ ಕೇಳಿದರೆ ಜನ ಏನು ಮಾಡುತ್ತಾರೆ? ಚೀಟಿಯಲ್ಲಿ ಬರೆದು ಮಾನಿಟರ್‌ಗೆ ಅಂಟಿಸುತ್ತಾರೆ. ಇಲ್ಲ, ಆಫೀಸಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕುತ್ತಾರೆ. ಇಲ್ಲ, ಎಲ್ಲರಿಗೂ ನೆನಪಿರುವಂಥ ಸುಲಭದ ಪಾಸ್‌ವರ್ಡ್ ಇಡುತ್ತಾರೆ. ಆಮೇಲೆ ಬರುವ ತೊಂದರೆ ಇದಕ್ಕಿಂತ ಎಷ್ಟೋ ದೊಡ್ಡದು. ಅದಕ್ಕೇ ಈ ದೋಷವನ್ನು ಬುಡದಿಂದ ಹುಡುಕಿ ಸರಿಮಾಡಬೇಕು.

ಹುಡುಕುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಬೇಡ ಅಂದವರು ಯಾರು? ನಿಮ್ಮ ಕಂಪ್ಯೂಟರ್‌ಗೆ ಪಾಸ್‌ವರ್ಡ್ ಸಿಗಲೇ ಇಲ್ಲವಾ? ಸಿಕ್ಕಿದರೂ ಅದನ್ನು ಕಳಿಸಲು ಒಪ್ಪಲಿಲ್ಲವಾ? ಅಥವಾ ಇದು ಕಳಿಸಿತು, ಆ ಕಡೆಯ ಸರ್ವರ್ ಒಪ್ಪಲಿಲ್ಲವಾ? ಮೂರಕ್ಕೂ ಔಷಧ ಬೇರೆ ಬೇರೆ. ಇದನ್ನು ತಿಳಿಯದೆ ಸುಮ್ನೆ ಸಿಕ್ಕ ಸಿಕ್ಕ ಸೆಟ್ಟಿಂಗ್ ಬದಲಿಸಿದರೆ ದೋಷವೂ ಹೋಗುವುದಿಲ್ಲ, ಸರ್ವರ್‌ನ ಭದ್ರತೆಯೂ ಸಡಿಲವಾಗುತ್ತದೆ.

ಮೆಸೇಜ್ ಪೂರ್ತಿ ಓದಿ

ಹೆಚ್ಚಿನವರು ಬಾಕ್ಸ್ ಬಂದ ಕೂಡಲೇ ಪಾಸ್‌ವರ್ಡ್ ಟೈಪ್ ಮಾಡಿಬಿಡುತ್ತಾರೆ. ಅದರ ಮೇಲೆ ಏನು ಬರೆದಿದೆ ಅಂತ ನೋಡುವುದೇ ಇಲ್ಲ. ಉತ್ತರ ಮುಕ್ಕಾಲು ಪಾಲು ಅಲ್ಲೇ ಇರುತ್ತದೆ.

ಯಾವ ದೂರೂ ಇಲ್ಲದೆ ಬರೀ 'ಎಂಟರ್ ಯುವರ್ ಕ್ರೆಡೆನ್ಶಿಯಲ್ಸ್' (ಕ್ರೆಡೆನ್ಶಿಯಲ್ಸ್ ಅಂದರೆ ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್) ಅಂತ ಬಂದರೆ, ನಿಮ್ಮ ಕಂಪ್ಯೂಟರ್‌ಗೆ ಉಳಿಸಿಟ್ಟದ್ದು ಸಿಕ್ಕಿಲ್ಲ. ಇಲ್ಲವೇ ಪ್ರತಿ ಸಲ ಕೇಳು ಅಂತ ಯಾರೋ ಹೇಳಿಟ್ಟಿದ್ದಾರೆ.

'ಯುವರ್ ಕ್ರೆಡೆನ್ಶಿಯಲ್ಸ್ ಡಿಡ್ ನಾಟ್ ವರ್ಕ್' ಅಂತ ಬಂದರೆ ಅಲ್ಲಿಗೇ ನಿಲ್ಲಬೇಡಿ, ಅದರ ಕೆಳಗಿನ ಸಾಲನ್ನೂ ಓದಿ. ಅಲ್ಲಿ 'ಯುವರ್ ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಡಸ್ ನಾಟ್ ಅಲೋ ದ ಯೂಸ್ ಆಫ್ ಸೇವ್ಡ್ ಕ್ರೆಡೆನ್ಶಿಯಲ್ಸ್' ಅಂತ ಶುರುವಾಗಿ, 'ಐಡೆಂಟಿಟಿ ಈಸ್ ನಾಟ್ ಫುಲಿ ವೆರಿಫೈಡ್' ಅನ್ನುವ ಮಾತು ಇದ್ದರೆ, ತಡೆದದ್ದು ನಿಮ್ಮದೇ ಕಂಪ್ಯೂಟರ್. ಸರ್ವರ್‌ವರೆಗೆ ಪಾಸ್‌ವರ್ಡ್ ಹೋಗಿಯೇ ಇಲ್ಲ. 'ಕ್ರೆಡೆನ್ಶಿಯಲ್ ಗಾರ್ಡ್' (ಪಾಸ್‌ವರ್ಡ್ ಕಾಯುವ ವಿಂಡೋಸ್‌ನ ವ್ಯವಸ್ಥೆ) ಅನ್ನುವ ಹೆಸರು ಕಂಡರೂ ಅಷ್ಟೇ, ತಡೆ ಈ ಕಡೆಯದೇ. ಬರೀ 'ದ ಲಾಗಾನ್ ಅಟೆಂಪ್ಟ್ ಫೇಲ್ಡ್' ಅಂತಿದ್ದರೆ ಸಾಮಾನ್ಯವಾಗಿ ಸರ್ವರ್ ತಿರಸ್ಕರಿಸಿದೆ ಅಂತ ಅರ್ಥ. ಆದರೆ ಕ್ರೆಡೆನ್ಶಿಯಲ್ ಗಾರ್ಡ್ ತಡೆದಾಗಲೂ ಕೆಲವೊಮ್ಮೆ ಇದೇ ಸಾಲು ಬರುತ್ತದೆ. ಹಾಗಾಗಿ ಇದೊಂದನ್ನೇ ನಂಬಬೇಡಿ.

ಕನೆಕ್ಟ್ ಆಗಿ, ಸರ್ವರ್‌ನ ಲಾಗಿನ್ ಸ್ಕ್ರೀನೇ ತೆರೆದು, ಅಲ್ಲಿ ನಿಮ್ಮ ಹೆಸರಿನ ಕೆಳಗೆ ಪಾಸ್‌ವರ್ಡ್ ಕೇಳಿದರೆ ವಿಷಯ ಬೇರೆ. ಅದು ಸರ್ವರ್ ಬೇಕಂತಲೇ ಕೇಳುತ್ತಿರುವುದು.

ನಿಮ್ಮ ಕಂಪ್ಯೂಟರ್‌ಗೆ ಪಾಸ್‌ವರ್ಡ್ ಸಿಗದಿದ್ದಾಗ

ಸೇವ್ ಮಾಡಿದ ಪಾಸ್‌ವರ್ಡ್ ವಿಂಡೋಸ್‌ನ ಕ್ರೆಡೆನ್ಶಿಯಲ್ ಮ್ಯಾನೇಜರ್‌ನಲ್ಲಿ ಕೂತಿರುತ್ತದೆ. ನೀವು ಡಬಲ್ ಕ್ಲಿಕ್ ಮಾಡುವ, ಡೆಸ್ಕ್‌ಟಾಪ್ ಮೇಲಿರುವ ಆರ್‌ಡಿಪಿ ಫೈಲ್‌ನಲ್ಲಿ ಅಲ್ಲ. ಇದು ತುಂಬಾ ಜನರಿಗೆ ಗೊತ್ತಿಲ್ಲದ ವಿಷಯ. ಹೊಸ ಲ್ಯಾಪ್‌ಟಾಪ್ ಬಂದಾಗ ಆ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಬರುತ್ತಾರೆ, ಪಾಸ್‌ವರ್ಡ್ ಯಾಕೆ ಬರಲಿಲ್ಲ ಅಂತ ಕೇಳುತ್ತಾರೆ. ಹೊಸ ಕಂಪ್ಯೂಟರ್‌ನಲ್ಲಿ ಒಮ್ಮೆ ಹೊಸದಾಗಿ ಸೇವ್ ಮಾಡಲೇಬೇಕು.

ಕಂಟ್ರೋಲ್ ಪ್ಯಾನೆಲ್‌ನಲ್ಲಿ ಕ್ರೆಡೆನ್ಶಿಯಲ್ ಮ್ಯಾನೇಜರ್ ತೆರೆದು 'ವಿಂಡೋಸ್ ಕ್ರೆಡೆನ್ಶಿಯಲ್ಸ್' ಒತ್ತಿ. ಪಟ್ಟಿಯಲ್ಲಿ 'ಟರ್ಮ್‌ಎಸ್‌ಆರ್‌ವಿ', ಅಡ್ಡಗೆರೆ (/), ಆಮೇಲೆ ಸರ್ವರ್ ಹೆಸರು ಇರುವ ಸಾಲು ಹುಡುಕಿ. ಅದು ಇಂಗ್ಲಿಷಿನ ಟಿ, ಇ, ಆರ್, ಎಂ, ಎಸ್, ಆರ್, ವಿ ಅಕ್ಷರಗಳು. ಕಮಾಂಡ್ ಪ್ರಾಂಪ್ಟ್ ಅಭ್ಯಾಸ ಇರುವವರು 'ಸಿಎಂಡಿಕೀ /ಲಿಸ್ಟ್' ಕೊಟ್ಟರೂ ಅದೇ ಪಟ್ಟಿ ಬರುತ್ತದೆ. ನನಗೆ ಇದೇ ಇಷ್ಟ. ಯಾಕೆಂದರೆ ಪ್ರತಿ ಸಾಲಿನ ಕೆಳಗೆ ಅದು ಯಾವ ರೂಪದಲ್ಲಿ ಸೇವ್ ಆಗಿದೆ, ಡೊಮೇನ್ ಪಾಸ್‌ವರ್ಡಾ, ಜೆನೆರಿಕ್ಕಾ ಅಂತಲೂ ತೋರಿಸುತ್ತದೆ. ಆ ವ್ಯತ್ಯಾಸ ಮುಂದೆ ಬೇಕಾಗುತ್ತದೆ.

ಅಲ್ಲಿ ಇರುವ ಹೆಸರನ್ನು ಅಕ್ಷರ ಅಕ್ಷರ ನೋಡಿ. ನೀವು ಕನೆಕ್ಟ್ ಮಾಡುವಾಗ ಏನು ಟೈಪ್ ಮಾಡುತ್ತೀರೋ ಅದೇ ಹೆಸರಿಗೆ ಪಾಸ್‌ವರ್ಡ್ ಉಳಿಯುತ್ತದೆ. 192.168.1.20 ಅಂತ ಐಪಿ ಕೊಟ್ಟು ಸೇವ್ ಮಾಡಿದ್ದು ಐಪಿಗೆ ಮಾತ್ರ. ನಾಳೆ ಅದೇ ಸರ್ವರನ್ನು ಹೆಸರಿನಿಂದ ಕರೆದರೆ ವಿಂಡೋಸ್‌ಗೆ ಅದು ಬೇರೆ ಸರ್ವರೇ. ಬರೀ ಹೆಸರು ಒಂದು, ಹೆಸರಿನ ನಂತರ ಡೊಮೇನ್ (ಒಂದೇ ಕಡೆಯಿಂದ ನಿಭಾಯಿಸುವ ಆಫೀಸಿನ ಕಂಪ್ಯೂಟರ್‌ಗಳ ಗುಂಪು) ಹೆಸರೂ ಸೇರಿದ ಪೂರ್ತಿ ಹೆಸರು ಇನ್ನೊಂದು. ಆಫೀಸಿನಲ್ಲಿ ಒಬ್ಬರು ಐಪಿಯಲ್ಲಿ, ಇನ್ನೊಬ್ಬರು ಹೆಸರಿನಲ್ಲಿ ಹೋಗುವ ರೂಢಿ ಇದ್ದರೆ ಒಂದೇ ರೀತಿಗೆ ತನ್ನಿ. ಪೂರ್ತಿ ಹೆಸರೇ ಒಳ್ಳೆಯದು. ಯಾಕೆ ಅಂತ ಮುಂದೆ ಬರುತ್ತದೆ.

ಸಾಲು ಸರಿಯಾಗಿದೆ, ಆದರೂ ಕೇಳುತ್ತಿದೆ ಅಂದರೆ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ 'ಶೋ ಆಪ್ಷನ್ಸ್' ಒತ್ತಿ. ಜನರಲ್ ಟ್ಯಾಬ್‌ನಲ್ಲಿ 'ಆಲ್ವೇಸ್ ಆಸ್ಕ್ ಫಾರ್ ಕ್ರೆಡೆನ್ಶಿಯಲ್ಸ್' ಟಿಕ್ ಆಗಿದ್ದರೆ ತೆಗೆದು ಸೇವ್ ಮಾಡಿ. ಬೇರೆಯವರು ಕಳಿಸಿದ ಫೈಲ್‌ಗಳಲ್ಲಿ ಇದು ಜಾಸ್ತಿ. ಅಂಥ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ 'ಪ್ರಾಂಪ್ಟ್ ಫಾರ್ ಕ್ರೆಡೆನ್ಶಿಯಲ್ಸ್' ಅನ್ನುವ ಸಾಲಿನ ಕೊನೆಗೆ 1 ಇರುತ್ತದೆ. ಅದನ್ನು 0 ಮಾಡಿದರೂ ಆಯಿತು.

'ರಿಮೆಂಬರ್ ಮಿ' ಪೆಟ್ಟಿಗೆಯೇ ಕಾಣದಿದ್ದರೆ ಗ್ರೂಪ್ ಪಾಲಿಸಿಯಲ್ಲಿ (ಅಡ್ಮಿನ್ ವಿಂಡೋಸ್‌ಗೆ ಹಾಕುವ ನಿಯಮಗಳ ಪಟ್ಟಿ) 'ಡು ನಾಟ್ ಅಲೋ ಪಾಸ್‌ವರ್ಡ್ಸ್ ಟು ಬಿ ಸೇವ್ಡ್' ಚಾಲೂ ಇದೆಯಾ ನೋಡಿ. ಸೇವ್ ಮಾಡಲು ಹೋದಾಗ 'ಎ ಸ್ಪೆಸಿಫೈಡ್ ಲಾಗಾನ್ ಸೆಷನ್ ಡಸ್ ನಾಟ್ ಎಕ್ಸಿಸ್ಟ್' ಅಂತ ಬಂದರೆ ಲೋಕಲ್ ಸೆಕ್ಯುರಿಟಿ ಪಾಲಿಸಿಯಲ್ಲಿ ಪಾಸ್‌ವರ್ಡ್ ಸಂಗ್ರಹವನ್ನೇ ಬಂದ್ ಮಾಡಿರುವ ಸಾಧ್ಯತೆ ದೊಡ್ಡದು. 'ನೆಟ್‌ವರ್ಕ್ ಆ್ಯಕ್ಸೆಸ್' ಅಂತ ಶುರುವಾಗುವ ಸಾಲುಗಳಲ್ಲಿ ಅದು ಇರುತ್ತದೆ. ಇವೆರಡನ್ನೂ ಯಾರೋ ಬೇಕಂತಲೇ ಹಾಕಿರುತ್ತಾರೆ. ಕಂಪನಿಯ ಕಂಪ್ಯೂಟರ್ ಆದರೆ ಐಟಿಯವರನ್ನು ಕೇಳದೆ ಮುಟ್ಟಬೇಡಿ.

ಒಂದೇ ಸಲಕ್ಕೆ ಎಲ್ಲಾ ಸೇವ್ ಆದ ಪಾಸ್‌ವರ್ಡ್‌ಗಳೂ ಕೈಕೊಟ್ಟರೆ, ಇತ್ತೀಚೆಗೆ ನಿಮ್ಮ ಕಂಪ್ಯೂಟರ್‌ನ ಸ್ವಂತ ಲಾಗಿನ್ ಪಾಸ್‌ವರ್ಡನ್ನು ಯಾರಾದರೂ ರೀಸೆಟ್ ಮಾಡಿದ್ದಾರಾ ವಿಚಾರಿಸಿ. ಸಂಗ್ರಹದ ಬೀಗದ ಕೈ ನಿಮ್ಮ ಲಾಗಿನ್ ಪಾಸ್‌ವರ್ಡ್‌ಗೆ ಅಂಟಿಕೊಂಡಿರುತ್ತದೆ. ಹಳೆಯ ಪಾಸ್‌ವರ್ಡ್ ಕೊಟ್ಟು ನೀವೇ ಬದಲಿಸಿದರೆ ಬೀಗದ ಕೈಯೂ ಜೊತೆಗೆ ಬದಲಾಗುತ್ತದೆ. ಲೋಕಲ್ ಅಕೌಂಟಿಗೆ ಅಡ್ಮಿನ್ ಬಲವಂತದಿಂದ ಹೊಸದು ಹಾಕಿದರೆ ಹಳೆಯ ಸಂಗ್ರಹ ತೆರೆಯುವುದೇ ಇಲ್ಲ. ಆಗ ಹಳೆಯ ಸಾಲುಗಳನ್ನು ಅಳಿಸಿ ಹೊಸದಾಗಿ ಸೇವ್ ಮಾಡುವುದೊಂದೇ ದಾರಿ.

ಸಿಕ್ಕಿದರೂ ಕಳಿಸಲು ಒಪ್ಪದಿದ್ದಾಗ

ಹೆಚ್ಚು ಜನರ ತಲೆ ತಿನ್ನುವುದು ಈ ಭಾಗವೇ. ಒಂದು ಆಡಿಟರ್ ಆಫೀಸಿನಲ್ಲಿ ಕಂಡದ್ದನ್ನೇ ಹೇಳುತ್ತೇನೆ.

ಅವರ ಟ್ಯಾಲಿ ಸರ್ವರ್ ಬಾಡಿಗೆಯ ಕ್ಲೌಡ್‌ನಲ್ಲಿತ್ತು, ಯಾವ ಡೊಮೇನ್‌ಗೂ ಸೇರಿರಲಿಲ್ಲ. ಆಫೀಸಿನ ಲ್ಯಾಪ್‌ಟಾಪ್‌ಗಳನ್ನೆಲ್ಲ ಹೊಸದಾಗಿ ಡೊಮೇನ್‌ಗೆ ಸೇರಿಸಿದರು. ಅಲ್ಲಿಂದ ಶುರುವಾಯಿತು. ಆರ್ಟಿಕಲ್‌ಶಿಪ್ (ಸಿಎ ತರಬೇತಿ) ಮಾಡುತ್ತಿದ್ದ ಹುಡುಗನೊಬ್ಬ ಬಂದು, "ಸರ್, ನನ್ನ ಸ್ವಂತ ಲ್ಯಾಪ್‌ಟಾಪಿಂದ ಹೋಗುತ್ತೆ. ಆಫೀಸಿನದರಲ್ಲಿ ಮಾತ್ರ ಪ್ರತಿ ಸಲ ಕೇಳುತ್ತೆ. ಪಾಸ್‌ವರ್ಡ್ ಒಂದೇ, ಫೈಲೂ ಒಂದೇ" ಅಂದ. ಉಳಿದವರು ಸರ್ವರ್ ಬಾಡಿಗೆಗೆ ಕೊಟ್ಟವರನ್ನು ಬೈಯುತ್ತಿದ್ದರು. ಆದರೆ ಆ ಹುಡುಗನ ಮಾತಿನಲ್ಲೇ ಉತ್ತರ ಇತ್ತು. ಸರ್ವರ್ ಒಂದೇ, ಪಾಸ್‌ವರ್ಡ್ ಒಂದೇ ಅಂದಮೇಲೆ ವ್ಯತ್ಯಾಸ ಇರುವುದು ಲ್ಯಾಪ್‌ಟಾಪ್‌ನಲ್ಲಿ ತಾನೆ?

ಒಳಗೆ ಆಗುವುದು ಹೀಗೆ. ನಿಮ್ಮ ಪಾಸ್‌ವರ್ಡನ್ನು ಸರ್ವರ್‌ಗೆ ಒಪ್ಪಿಸುವ ಮೊದಲು ವಿಂಡೋಸ್, ಆ ಕಡೆ ಇರುವುದು ನಿಜವಾಗಿ ಅದೇ ಸರ್ವರಾ ಅಂತ ಪರೀಕ್ಷೆ ಮಾಡುತ್ತದೆ. ಪರೀಕ್ಷೆಗೆ ಎರಡು ಗಟ್ಟಿ ದಾರಿ ಇವೆ. ಒಂದು ಕರ್ಬರೋಸ್. ಇದರಲ್ಲಿ ಡೊಮೇನ್ ಕಂಟ್ರೋಲರ್ (ಡೊಮೇನನ್ನು ನಡೆಸುವ ಸರ್ವರ್) ಮಧ್ಯೆ ನಿಂತು ಇಬ್ಬರಿಗೂ ಸಾಕ್ಷಿ ಹೇಳುತ್ತದೆ. ಇನ್ನೊಂದು, ಸರ್ವರ್‌ನಲ್ಲಿ ನಂಬಿಕೆಯ ಸಂಸ್ಥೆ ಕೊಟ್ಟ ಸರ್ಟಿಫಿಕೇಟ್ ಇರುವುದು. ಎರಡೂ ಇಲ್ಲದಿದ್ದರೆ ಎನ್‌ಟಿಎಲ್‌ಎಂ ಅನ್ನುವ ಹಳೆಯ ಕ್ರಮಕ್ಕೆ ಇಳಿಯುತ್ತದೆ. ಅದರಲ್ಲಿ ಸರ್ವರ್‌ನ ಗುರುತು ಖಾತ್ರಿ ಆಗುವುದಿಲ್ಲ. ಮೆಸೇಜಿನಲ್ಲಿ ಗುರುತು ಪೂರ್ತಿ ಖಚಿತವಾಗಿಲ್ಲ ಅನ್ನುವುದು ಇದನ್ನೇ.

ಎನ್‌ಟಿಎಲ್‌ಎಂ ಮಾತ್ರ ಇರುವಾಗ, ಪಾಲಿಸಿಯಲ್ಲಿ ಏನೂ ಹೇಳಿರದಿದ್ದರೆ, ವಿಂಡೋಸ್ ಎರಡು ರೀತಿ ನಡೆದುಕೊಳ್ಳುತ್ತದೆ. ನಿಮ್ಮ ಕಂಪ್ಯೂಟರ್ ಡೊಮೇನ್‌ಗೆ ಸೇರಿಲ್ಲದಿದ್ದರೆ ಸೇವ್ ಮಾಡಿದ ಪಾಸ್‌ವರ್ಡನ್ನು ಕಳಿಸುತ್ತದೆ. ಸೇರಿದ್ದರೆ ಕಳಿಸುವುದಿಲ್ಲ. ಹುಡುಗನ ಸ್ವಂತ ಲ್ಯಾಪ್‌ಟಾಪ್ ಒಳಗೆ ಹೋಗುತ್ತಿದ್ದದ್ದು, ಆಫೀಸಿನದು ನಿಲ್ಲುತ್ತಿದ್ದದ್ದು ಇದೇ ಕಾರಣಕ್ಕೆ. ಕೈಯಲ್ಲಿ ಟೈಪ್ ಮಾಡಿದ ಪಾಸ್‌ವರ್ಡಿಗೆ ಈ ತಡೆ ಇಲ್ಲ. ನೀವೇ ಆ ಸರ್ವರನ್ನು ನಂಬಿ ಟೈಪ್ ಮಾಡಿದ್ದೀರಿ ಅಂತ ಅದು ತಿಳಿಯುತ್ತದೆ.

ಪರಿಹಾರ ಆರಿಸುವ ಮೊದಲು ಸರ್ವರ್ ಎಲ್ಲಿದೆ ನೋಡಿ. ಅದೂ ನಿಮ್ಮ ಡೊಮೇನ್‌ನಲ್ಲೇ ಇದ್ದರೆ ಪಾಲಿಸಿಗೆ ಕೈ ಹಾಕುವ ಅಗತ್ಯವೇ ಇಲ್ಲ. ಕರ್ಬರೋಸ್ ಯಾಕೆ ನಡೆಯುತ್ತಿಲ್ಲ ಅಂತ ಹುಡುಕಿ. ಎಲ್ಲಕ್ಕಿಂತ ಸಾಮಾನ್ಯ ಕಾರಣ ಐಪಿ ಅಡ್ರೆಸ್. ಐಪಿ ಹಾಕಿದರೆ ಮಾಮೂಲಿನಂತೆ ಕರ್ಬರೋಸ್ ಬರುವುದಿಲ್ಲ, ಹೆಸರು ಹಾಕಿದರೆ ಬರುತ್ತದೆ. ಪೂರ್ತಿ ಹೆಸರು ಬಳಸಿ ಅಂದದ್ದು ಇದಕ್ಕೇ. ಡಿಎನ್‌ಎಸ್‌ನಲ್ಲಿ (ಹೆಸರಿಗೆ ಐಪಿ ಹುಡುಕಿಕೊಡುವ ವ್ಯವಸ್ಥೆ) ಸರ್ವರ್‌ಗೆ ಇನ್ನೊಂದು ಅಡ್ಡಹೆಸರು ಕೊಟ್ಟು ಅದರಿಂದ ಕರೆಯುತ್ತಿದ್ದರೂ ಇದೇ ತೊಂದರೆ ಬರಬಹುದು, ಅಸಲಿ ಹೆಸರಿನಿಂದ ಪ್ರಯತ್ನಿಸಿ. ಗಡಿಯಾರಗಳೂ ಹೊಂದಿರಬೇಕು. 5 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಕರ್ಬರೋಸ್ ಒಪ್ಪುವುದಿಲ್ಲ. ಮದರ್‌ಬೋರ್ಡ್‌ನ ಬ್ಯಾಟರಿ ಸತ್ತ ಹಳೇ ಕಂಪ್ಯೂಟರ್‌ಗಳಲ್ಲಿ ಗಡಿಯಾರವನ್ನೇ ಮೊದಲು ನೋಡುವುದು ವಾಸಿ.

ಕರ್ಬರೋಸ್ ನಡೆಯುತ್ತಿದೆಯಾ ಅಂತ ನೋಡಲು ಸುಲಭದ ದಾರಿ ಇದೆ. ಕೈಯಲ್ಲಿ ಪಾಸ್‌ವರ್ಡ್ ಹಾಕಿ ಒಳಗೆ ಹೋಗಿ. ಪೂರ್ತಿ ಸ್ಕ್ರೀನಿನಲ್ಲಿ ಮೇಲೆ ಬರುವ ಪಟ್ಟಿಯಲ್ಲಿ ಬೀಗದ ಚಿತ್ರ ಇರುತ್ತದೆ. ಅದರ ಮೇಲೆ ಕ್ಲಿಕ್ ಮಾಡಿದರೆ ಸರ್ವರ್‌ನ ಗುರುತು ಯಾವುದರಿಂದ ಖಚಿತವಾಯಿತು ಅಂತ ಬರೆದಿರುತ್ತದೆ. ಕರ್ಬರೋಸ್ ಅಂತ ಇದ್ದರೆ ಆ ದಾರಿ ತೆರೆದಿದೆ. ಬೀಗವೇ ಇಲ್ಲದಿದ್ದರೆ ಗುರುತು ಖಚಿತವಾಗಿಲ್ಲ.

ಸರ್ವರ್ ಡೊಮೇನ್ ಹೊರಗಿದ್ದರೆ ಒಳ್ಳೆಯ ಪರಿಹಾರ ಸರ್ಟಿಫಿಕೇಟ್. ವಿಂಡೋಸ್ ತಾನೇ ಮಾಡಿಕೊಳ್ಳುವ ಸರ್ಟಿಫಿಕೇಟ್ ಸಾಲದು. ನಿಮ್ಮ ಲ್ಯಾಪ್‌ಟಾಪ್‌ಗಳು ನಂಬುವಂಥದ್ದು ಬೇಕು. ಅದರಲ್ಲಿರುವ ಹೆಸರು ಮತ್ತು ನೀವು ಟೈಪ್ ಮಾಡುವ ಹೆಸರು ಒಂದೇ ಆಗಿರಬೇಕು.

ಅದು ಕೂಡಲೇ ಆಗುವ ಕೆಲಸ ಅಲ್ಲ ಅಂದರೆ ಪಾಲಿಸಿಯ ದಾರಿ ಉಳಿಯುತ್ತದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ, ಸರ್ವರ್‌ನಲ್ಲಿ ಅಲ್ಲ, ಗ್ರೂಪ್ ಪಾಲಿಸಿ ಎಡಿಟರ್ ತೆರೆಯಿರಿ. ಕಂಪ್ಯೂಟರ್ ಕಾನ್ಫಿಗರೇಷನ್, ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್, ಸಿಸ್ಟಮ್, ಕ್ರೆಡೆನ್ಶಿಯಲ್ಸ್ ಡೆಲಿಗೇಷನ್ ಅಂತ ಒಳಗೆ ಹೋಗಿ. ಅಲ್ಲಿ ಒಂದೇ ಥರ ಕಾಣುವ ಹೆಸರುಗಳು ಹಲವು ಇವೆ. ನಿಮಗೆ ಬೇಕಾದದ್ದು 'ಅಲೋ ಡೆಲಿಗೇಟಿಂಗ್ ಸೇವ್ಡ್ ಕ್ರೆಡೆನ್ಶಿಯಲ್ಸ್ ವಿತ್ ಎನ್‌ಟಿಎಲ್‌ಎಂ-ಓನ್ಲಿ ಸರ್ವರ್ ಆಥೆಂಟಿಕೇಷನ್'. ಇದರಲ್ಲಿ 'ಸೇವ್ಡ್' ಇದೆಯಾ, 'ಎನ್‌ಟಿಎಲ್‌ಎಂ' ಇದೆಯಾ ಎರಡನ್ನೂ ಖಾತ್ರಿ ಮಾಡಿಕೊಳ್ಳಿ. 'ಫ್ರೆಶ್' ಅಂತ ಇರುವುದು ಬೇರೆಯದು, ಅದು ಕೈಯಲ್ಲಿ ಟೈಪ್ ಮಾಡಿದ ಪಾಸ್‌ವರ್ಡಿಗೆ. ಎನೇಬಲ್ ಮಾಡಿ, 'ಶೋ' ಒತ್ತಿ, ಟರ್ಮ್‌ಎಸ್‌ಆರ್‌ವಿ ಮತ್ತು ಅಡ್ಡಗೆರೆಯ ನಂತರ ಸರ್ವರ್ ಹೆಸರು ಬರೆಯಿರಿ. ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಜಿಪಿಅಪ್‌ಡೇಟ್ /ಫೋರ್ಸ್' ಕೊಟ್ಟು ಮತ್ತೆ ಕನೆಕ್ಟ್ ಮಾಡಿ.

ಸರ್ವರ್ ಹೆಸರಿನ ಜಾಗದಲ್ಲಿ ನಕ್ಷತ್ರ ಚಿಹ್ನೆ ಹಾಕಿ ಎಂದು ಎಲ್ಲರೂ ಹೇಳುತ್ತಾರೆ. ಹಾಕಬೇಡಿ. ನಕ್ಷತ್ರ ಅಂದರೆ ಜಗತ್ತಿನ ಯಾವ ಸರ್ವರ್‌ಗಾದರೂ ಗುರುತು ನೋಡದೆ ಪಾಸ್‌ವರ್ಡ್ ಕೊಡು ಅಂತ ಬರೆದುಕೊಟ್ಟ ಹಾಗೆ. ನಿಮಗೆ ಬೇಕಿರುವುದು ಒಂದೋ ಎರಡೋ ಸರ್ವರ್. ಅವುಗಳ ಹೆಸರನ್ನೇ ಬರೆಯಲು ಅರ್ಧ ನಿಮಿಷವೂ ಬೇಡ.

ಕ್ರೆಡೆನ್ಶಿಯಲ್ ಗಾರ್ಡ್ ಇರುವ ಕಡೆ

ಮೇಲಿನದನ್ನೆಲ್ಲ ಮಾಡಿದರೂ ಹೋಗದಿದ್ದರೆ, ಲ್ಯಾಪ್‌ಟಾಪ್ ವಿಂಡೋಸ್ 11 ಎಂಟರ್‌ಪ್ರೈಸ್ ಅಥವಾ ಎಜುಕೇಷನ್ ಆಗಿದೆಯಾ ನೋಡಿ. 2022ರಲ್ಲಿ ಬಂದ 22ಎಚ್2 ಆವೃತ್ತಿಯಿಂದ ಇವುಗಳಲ್ಲಿ, ಹಾರ್ಡ್‌ವೇರ್ ಹೊಂದಿದರೆ, ಕ್ರೆಡೆನ್ಶಿಯಲ್ ಗಾರ್ಡ್ ತಾನಾಗಿಯೇ ಚಾಲೂ ಆಗುತ್ತದೆ. ಅಪ್‌ಡೇಟ್ ಆದ ಮರುದಿನ ಪಾಸ್‌ವರ್ಡ್ ಕೇಳಲು ಶುರುವಾಯಿತು ಅನ್ನುವ ದೂರುಗಳ ಹಿಂದೆ ಇದು ಇರಬಹುದು. ಸಿಸ್ಟಮ್ ಇನ್ಫರ್ಮೇಷನ್ ತೆರೆದು, ಪಟ್ಟಿಯ ಕೊನೆಯ ಕಡೆ ವರ್ಚುವಲೈಸೇಷನ್ ಆಧಾರಿತ ಭದ್ರತೆಯ ಸೇವೆಗಳಲ್ಲಿ ಯಾವುದು ಓಡುತ್ತಿದೆ ಅಂತ ಓದಿ. ಅಲ್ಲಿ ಇದರ ಹೆಸರಿದ್ದರೆ ಖಚಿತ.

ಇದು ಡೊಮೇನ್ ಪಾಸ್‌ವರ್ಡ್ ರೂಪದಲ್ಲಿ ಸೇವ್ ಆದದ್ದನ್ನು ಎನ್‌ಟಿಎಲ್‌ಎಂ ಮೂಲಕ ಹೊರಗೆ ಬಿಡುವುದಿಲ್ಲ. ಪಾಸ್‌ವರ್ಡ್ ಕಳ್ಳತನ ತಡೆಯಲೆಂದೇ ಮಾಡಿದ ವ್ಯವಸ್ಥೆ ಇದು. ಆದ್ದರಿಂದ ಇದನ್ನೇ ಬಂದ್ ಮಾಡಿ ಅನ್ನುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಕರ್ಬರೋಸ್ ಸರಿಮಾಡಿಕೊಳ್ಳಲು ಆದರೆ ಅದೇ ಮೇಲು. ಆಗದಿದ್ದರೆ ಹಳೆಯ ಸಾಲನ್ನು ಅಳಿಸಿ, 'ಸಿಎಂಡಿಕೀ /ಜೆನೆರಿಕ್' ಆಯ್ಕೆಯಿಂದ ಅದೇ ಟರ್ಮ್‌ಎಸ್‌ಆರ್‌ವಿ ಹೆಸರಿಗೆ ಜೆನೆರಿಕ್ ರೂಪದಲ್ಲಿ ಸೇವ್ ಮಾಡಿ ನೋಡಬಹುದು. ಕೊನೆಯಲ್ಲಿ '/ಪಾಸ್' ಅಂತ ಮಾತ್ರ ಬರೆದು ಬಿಟ್ಟರೆ ಪಾಸ್‌ವರ್ಡನ್ನು ಆಮೇಲೆ ಕೇಳುತ್ತದೆ. ಕಮಾಂಡಿನ ಜೊತೆಗೇ ಪಾಸ್‌ವರ್ಡ್ ಬರೆಯಬೇಡಿ, ಅದು ಸ್ಕ್ರೀನ್ ಮೇಲೆ ಎಲ್ಲರಿಗೂ ಕಾಣುತ್ತದೆ. ಜೆನೆರಿಕ್ ಪಾಸ್‌ವರ್ಡನ್ನು ನಿಮ್ಮ ಹೆಸರಿನಲ್ಲಿ ಓಡುವ ಯಾವ ಪ್ರೋಗ್ರಾಮ್ ಬೇಕಾದರೂ ಓದಬಲ್ಲದು ಅನ್ನುವುದೂ ಗೊತ್ತಿರಲಿ. ಸರ್ವರ್‌ನ ಅಡ್ಮಿನ್ ಅಕೌಂಟಿಗೆ ಈ ದಾರಿ ಬೇಡವೇ ಬೇಡ.

ಸರ್ವರ್ ಒಪ್ಪದಿದ್ದಾಗ

ಪಾಸ್‌ವರ್ಡ್ ಬದಲಾಗಿದೆ, ಇಲ್ಲಿ ಸೇವ್ ಆಗಿರುವುದು ಹಳೆಯದು. ಇಷ್ಟೇ ಆಗಿರುವುದು ಎಷ್ಟೋ ಸಲ. ಸಾಲು ಅಳಿಸಿ ಹೊಸದು ಹಾಕಿದರೆ ಮುಗಿಯಿತು. ಆದರೆ ತಡ ಮಾಡಬೇಡಿ. ಹಳೆಯದನ್ನೇ ಪದೇ ಪದೇ ಕಳಿಸಿದರೆ ಅಕೌಂಟ್ ಲಾಕ್ ಆಗಬಹುದು. 22ಎಚ್2 ಹೊಸದಾಗಿ ಹಾಕಿದ ವಿಂಡೋಸ್ 11ರಲ್ಲಿ 10 ಸಲ ತಪ್ಪಾದರೆ 10 ನಿಮಿಷ ಲಾಕ್. ಒಬ್ಬರೇ ಎರಡು ಕಂಪ್ಯೂಟರ್ ಬಳಸುತ್ತಿದ್ದರೆ ಎರಡರಲ್ಲೂ ಬದಲಿಸಬೇಕು.

ಬಳಕೆದಾರರ ಹೆಸರನ್ನೂ ನೋಡಿ. ಬರೀ 'ಅಕೌಂಟ್ಸ್' ಅಂತ ಇದ್ದರೆ ಅದು ಯಾವ ಕಂಪ್ಯೂಟರ್‌ನ ಅಕೌಂಟ್ ಅಂತ ಗೊಂದಲ ಆಗುತ್ತದೆ. ಸರ್ವರ್ ಹೆಸರು, ಹಿಮ್ಮುಖ ಅಡ್ಡಗೆರೆ (\), ಆಮೇಲೆ ಬಳಕೆದಾರರ ಹೆಸರು ಅಂತ ಪೂರ್ತಿ ಕೊಡಿ. ಮೈಕ್ರೋಸಾಫ್ಟ್ ಅಕೌಂಟ್ ಆದರೆ ಇಮೇಲ್ ಮತ್ತು ಅದರ ಪಾಸ್‌ವರ್ಡ್ ಬೇಕು. ಆ ಕಂಪ್ಯೂಟರ್ ಮುಂದೆ ಕೂತು ಹಾಕುವ ಪಿನ್ ಇಲ್ಲಿ ನಡೆಯುವುದಿಲ್ಲ.

ಊಹೆ ಬೇಡ ಅಂದರೆ ಸರ್ವರ್‌ನ ಈವೆಂಟ್ ವ್ಯೂವರ್‌ನಲ್ಲಿ ಸೆಕ್ಯುರಿಟಿ ಲಾಗ್ ತೆರೆದು 4625 ಹುಡುಕಿ, ಅದು ಸೋತ ಲಾಗಿನ್‌ನ ಸಂಖ್ಯೆ. ರಿಮೋಟ್ ಡೆಸ್ಕ್‌ಟಾಪಿನ ಗುರುತಾದ ಲಾಗಾನ್ ಟೈಪ್ 10 ಇರುವುದನ್ನು ಮಾತ್ರ ನೋಡಬೇಡಿ. ನೆಟ್‌ವರ್ಕ್ ಲೆವೆಲ್ ಆಥೆಂಟಿಕೇಷನ್ (ಸರ್ವರ್‌ನ ಸ್ಕ್ರೀನ್ ತೆರೆಯುವ ಮೊದಲೇ ಪಾಸ್‌ವರ್ಡ್ ಪರೀಕ್ಷಿಸುವ ಕ್ರಮ) ಚಾಲೂ ಇದ್ದರೆ ಸೋತ ಪ್ರಯತ್ನ ಟೈಪ್ 3 ಆಗಿ ದಾಖಲಾಗುತ್ತದೆ. ಸ್ಟೇಟಸ್, ಸಬ್ ಸ್ಟೇಟಸ್ ಎರಡೂ ಸಂಖ್ಯೆಗಳ ಬಾಲ ನೋಡಿ. 6ಎ ಇದ್ದರೆ ಪಾಸ್‌ವರ್ಡ್ ತಪ್ಪು. 64 ಇದ್ದರೆ ಆ ಹೆಸರಿನ ಅಕೌಂಟೇ ಇಲ್ಲ. 71 ಅಂದರೆ ಪಾಸ್‌ವರ್ಡಿನ ಅವಧಿ ಮುಗಿದಿದೆ. 224 ಅಂದರೆ ಮೊದಲು ಪಾಸ್‌ವರ್ಡ್ ಬದಲಿಸಬೇಕು. 234 ಅಂದರೆ ಲಾಕ್. ಅವಧಿ ಮುಗಿದದ್ದು ಸುಲಭವಾಗಿ ಕಣ್ತಪ್ಪುತ್ತದೆ. ವಿಂಡೋಸ್‌ನ ಮೂಲ ಸೆಟ್ಟಿಂಗ್‌ನಲ್ಲಿ ಅವಧಿ 42 ದಿನ.

ನೀವು ಕನೆಕ್ಟ್ ಮಾಡಿದ ಸಮಯಕ್ಕೆ 4625 ದಾಖಲೆಯೇ ಇಲ್ಲ ಅಂದರೆ, ಪಾಸ್‌ವರ್ಡ್ ಅಲ್ಲಿಗೆ ತಲುಪಿಲ್ಲದಿರುವ ಸಂಭವವೇ ಹೆಚ್ಚು. ಮತ್ತೆ ನಿಮ್ಮ ಲ್ಯಾಪ್‌ಟಾಪ್ ಕಡೆಗೇ ನೋಡಿ.

ಒಳಗೆ ಬಿಟ್ಟು ಮತ್ತೆ ಕೇಳಿದಾಗ

ಸರ್ವರ್‌ನ ಗ್ರೂಪ್ ಪಾಲಿಸಿಯಲ್ಲಿ ವಿಂಡೋಸ್ ಕಾಂಪೊನೆಂಟ್ಸ್, ರಿಮೋಟ್ ಡೆಸ್ಕ್‌ಟಾಪ್ ಸರ್ವೀಸಸ್, ಸೆಷನ್ ಹೋಸ್ಟ್, ಸೆಕ್ಯುರಿಟಿ ಅಂತ ಹೋದರೆ 'ಆಲ್ವೇಸ್ ಪ್ರಾಂಪ್ಟ್ ಫಾರ್ ಪಾಸ್‌ವರ್ಡ್ ಅಪಾನ್ ಕನೆಕ್ಷನ್' ಸಿಗುತ್ತದೆ. ಇದು ಚಾಲೂ ಇದ್ದರೆ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಏನು ಮಾಡಿದರೂ ಪ್ರಯೋಜನ ಇಲ್ಲ. ಸರ್ವರ್ ನೋಡಿಕೊಳ್ಳುವವರ ಜೊತೆ ಮಾತಾಡಿ. ಬೇಡ ಅಂದರೆ ಅದಕ್ಕೆ ಅವರ ಕಾರಣ ಇರುತ್ತದೆ.

ಗೇಟ್‌ವೇ (ಹೊರಗಿನಿಂದ ಬಂದವರನ್ನು ಸರ್ವರ್‌ಗೆ ದಾಟಿಸುವ ಮಧ್ಯದ ಸರ್ವರ್) ಮೂಲಕ ಹೋಗುವವರಿಗೆ ಒಂದು ಮಾತು. ಗೇಟ್‌ವೇಗೆ ಒಂದು, ಸರ್ವರ್‌ಗೆ ಇನ್ನೊಂದು, ಹೀಗೆ ಎರಡು ಸಲ ಕೇಳಬಹುದು. ಬಾಕ್ಸಿನಲ್ಲಿ ಯಾರ ಹೆಸರಿದೆ ಅಂತ ಓದಿ. ಎರಡಕ್ಕೂ ಒಂದೇ ಅಕೌಂಟ್ ಆದರೆ ಅಡ್ವಾನ್ಸ್ಡ್ ಟ್ಯಾಬ್‌ನ ಗೇಟ್‌ವೇ ಸೆಟ್ಟಿಂಗ್‌ನಲ್ಲಿ ಅದನ್ನೇ ಸರ್ವರ್‌ಗೂ ಬಳಸು ಅನ್ನುವ ಟಿಕ್ ಇದೆ.

'ಕ್ರೆಡ್‌ಎಸ್‌ಎಸ್‌ಪಿ ಎನ್‌ಕ್ರಿಪ್ಷನ್ ಒರಾಕಲ್ ರೆಮಿಡಿಯೇಷನ್' ಅನ್ನುವ ಮೆಸೇಜ್ ಬಂದರೆ ಅದಕ್ಕೂ ಸೇವ್ ಮಾಡಿದ ಪಾಸ್‌ವರ್ಡಿಗೂ ಸಂಬಂಧ ಇಲ್ಲ. 2018ರ ಭದ್ರತಾ ಅಪ್‌ಡೇಟ್ ಒಂದು ಕಡೆ ಇದೆ, ಇನ್ನೊಂದು ಕಡೆ ಇಲ್ಲ ಅಂತ ಅರ್ಥ. ಎರಡೂ ಕಡೆ ಅಪ್‌ಡೇಟ್ ಮಾಡಿ.

ಯಾವುದನ್ನೇ ಬದಲಿಸಿದರೂ ಒಂದೊಂದಾಗಿ ಬದಲಿಸಿ, ಪ್ರತಿ ಸಲ ಪರೀಕ್ಷೆ ಮಾಡಿ. ಪರೀಕ್ಷೆ ಮಾಡುವಾಗ ಸುಮ್ನೆ ಕಿಟಕಿ ಮುಚ್ಚಿದರೆ ಸಾಲದು, ಸರ್ವರ್‌ನಲ್ಲಿ ಸೈನ್ ಔಟ್ ಮಾಡಿ. ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿ ಮತ್ತೆ ಕನೆಕ್ಟ್ ಮಾಡಿ. ಉಪಯೋಗಕ್ಕೆ ಬಾರದ ಬದಲಾವಣೆಗಳನ್ನು ವಾಪಸ್ ತೆಗೆಯಿರಿ, ಅದರಲ್ಲೂ ಕ್ರೆಡೆನ್ಶಿಯಲ್ಸ್ ಡೆಲಿಗೇಷನ್‌ನಲ್ಲಿ ಹಾಕಿದ್ದನ್ನು. ಹಲವರು ಒಂದೇ ವಿಂಡೋಸ್ ಲಾಗಿನ್‌ನಲ್ಲಿ ಕೂರುವ ಕಂಪ್ಯೂಟರ್ ಆದರೆ ಅಲ್ಲಿ ಪಾಸ್‌ವರ್ಡ್ ಸೇವ್ ಮಾಡಲೇಬೇಡಿ. ಮೊದಲು ಪ್ರತಿಯೊಬ್ಬರಿಗೂ ಬೇರೆ ಬೇರೆ ಲಾಗಿನ್ ಮಾಡಿಕೊಡಿ.